ಮಂಗಳಾ ಮಿಸ್ಸಿನ ಏಳು ಮಾತು, ಒಂದು ಚಿಲಕ

ಗಡಿಯಾಚೆ ತಮಿಳುನಾಡಿಗೆ ಸೇರಿದ ಬಾಗಲೂರಿನ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಸಮಾಜ ಪಾಠ ಮಾಡಿದ ಮಂಗಳಾ ಮಿಸ್ಸು ಯಾರಿಗೂ ಸುಲಭಕ್ಕೆ ಸೋತವರಲ್ಲ. ಸೋತದ್ದು ಎರಡೇ ಸಲ. ಒಂದು ಸಲ ಇಪ್ಪತ್ತು ವರ್ಷದ ಹುಡುಗನೊಬ್ಬನ ಹೆಬ್ಬೆಟ್ಟಿಗೆ, ಇನ್ನೊಂದು ಸಲ ಎಪ್ಪತ್ತು ದಾಟಿದ ಅಜ್ಜಿಯೊಬ್ಬಳ ಪ್ರಶ್ನೆಗೆ. ಎರಡನ್ನೂ ಆಕೆ ಕೇಳಿದವರಿಗೆಲ್ಲ ಹೇಳುತ್ತಾರೆ. ಗೆದ್ದದ್ದನ್ನು ಹೇಳಿಕೊಳ್ಳುವವರು ಊರು ತುಂಬ ಸಿಗುತ್ತಾರೆ, ಸೋತದ್ದನ್ನು ಹೇಳಿಕೊಳ್ಳಲು ಗುಂಡಿಗೆ ಬೇಕು.

ಆಕೆ ಮುನಿಶಾಮಪ್ಪನ ಮೂರನೆಯ ಮಗಳು. ಅಪ್ಪ ಕೋಸು, ಮೂಲಂಗಿ ಬೆಳೆದು ಹೊಸೂರಿನ ಮಾರ್ಕೆಟ್ಟಿಗೆ ಹಾಕುತ್ತಿದ್ದವರು. ಮನೆಯಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ತೆಲುಗು, ತಾಲೂಕು ಕಚೇರಿಯಲ್ಲಿ ತಮಿಳು. ಮೂರರಲ್ಲೂ ಜಗಳವಾಡಬಲ್ಲ ಮಗಳು ಟೀಚರಾಗದೆ ಇನ್ನೇನಾದಾಳು? ಶಾಲೆಗೆ ಸೇರಿದ ಮೊದಲ ವರ್ಷವೇ ಹೆಡ್‌ಮಾಸ್ಟರು ಒಂದು ತಮಿಳು ಸುತ್ತೋಲೆ ಕೈಗಿಟ್ಟರು. ಹತ್ತನೇ ತರಗತಿ ಮುಗಿಸಿದವರು ಮುಂದೆ ಏನೇನು ಓದಬಹುದು ಎಂಬ ಪಟ್ಟಿ. ಮಂಗಳಾ ಅದನ್ನು ಕನ್ನಡದಲ್ಲಿ ಓದಿ ಹೇಳಿ ಕೈತೊಳೆದುಕೊಂಡರು.

ಮೊದಲ ಬೆಂಚಿನ ಚಿಕ್ಕಮುನಿಯಪ್ಪ ಆ ಪಟ್ಟಿಯಲ್ಲಿ ಎರಕದ ಕೆಲಸ ಆರಿಸಿಕೊಂಡು ಐಟಿಐ ಸೇರಿದ. ಮೂರನೆಯ ದಿನಕ್ಕೆ ಗಂಟುಮೂಟೆ ಸಮೇತ ಶಾಲೆಯ ಬಾಗಿಲಲ್ಲಿ ನಿಂತಿದ್ದ.

"ದಿನವೆಲ್ಲ ಕುಲುಮೆ ಮುಂದೆ ನಿಂತ್ಕೋಬೇಕು ಅಂತ ಯೋಳ್ಬೇಕಲ್ವಾ ಮಿಸ್?" ಎಂದ.

ಮಿಸ್ಸಿಗೇ ಗೊತ್ತಿರಲಿಲ್ಲ. ತಾನು ನೋಡದ ಊರಿಗೆ ಮಕ್ಕಳಿಗೆ ದಾರಿ ತೋರಿಸಿದೆನಲ್ಲ ಎಂದು ಆಕೆಗೆ ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು. ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಬರೆದರು: ಪ್ರತಿ ಮಗುವನ್ನೂ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿ ಕಣ್ಣಾರೆ ತೋರಿಸತಕ್ಕದ್ದು. ವರ್ಷ ಕಳೆದಂತೆ ಅದರ ಕೆಳಗೆ ಇನ್ನೂ ಆರು ಮಾತು ಸೇರಿದವು. ಆ ಕೆಲಸ ಮಾಡುವವರ ಬಾಯಿಂದಲೇ, ಮಗುವಿಗೆ ತಿಳಿಯುವ ಭಾಷೆಯಲ್ಲಿ, ಅದರ ಕಷ್ಟಸುಖ ಕೇಳಿಸಬೇಕು. ಮಗುವಿನ ಹೆಸರಿಗೆ ಒಂದು ಪುಸ್ತಕವಿಟ್ಟು ತಿಂಗಳಿಗೊಮ್ಮೆ ತಂದೆಯ ಸಹಿ ಹಾಕಿಸಬೇಕು. ಶಾಲೆ ಬಿಟ್ಟುಹೋದವರ ಬೆನ್ನು ಎರಡು ವರ್ಷ ಬಿಡಬಾರದು. ಹೀಗೆ. ಗೋಡೆಗೆ ಹಚ್ಚಿದ ಆ ಚಾರ್ಟಿನ ಏಳು ಮಾತಿನ ಬಲದಿಂದ ಬಾಗಲೂರಿನ ಸುತ್ತ ಎಷ್ಟೋ ಮನೆಗಳಲ್ಲಿ ಫಿಟ್ಟರು, ನರ್ಸು, ಲ್ಯಾಬ್ ಟೆಕ್ನಿಷಿಯನ್ ಹುಟ್ಟಿಕೊಂಡರು. ಚಿಕ್ಕಮುನಿಯಪ್ಪನೂ ಮರುವರ್ಷ ಎಲೆಕ್ಟ್ರಿಷಿಯನ್ ಕಲಿತು ಜೂಜುವಾಡಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಹಾಕಿದ.

ಶಾಲೆ ನಡೆಸುತ್ತಿದ್ದ ಟ್ರಸ್ಟೇ ಹೊಸೂರಿನ ಹೊರಗೆ ಒಂದು ಡಿಗ್ರಿ ಕಾಲೇಜನ್ನೂ ನಡೆಸುತ್ತಿತ್ತು. ಟ್ರಸ್ಟಿನ ಯಜಮಾನರು ಹನುಮಂತರಾಯಪ್ಪ, ಎಲ್ಲರ ಬಾಯಲ್ಲಿ ಕರೆಸ್ಪಾಂಡೆಂಟು. ಎರಡು ಸಾವಿರದ ಆರನೇ ಇಸವಿ ಜೂನಿನಲ್ಲಿ ಆತ ಮಂಗಳಾರನ್ನು ಕರೆಸಿದರು. ಓದು ಮುಗಿಸುವವರಿಗೆ ಕೆಲಸ ಹುಡುಕಲು ನೆರವಾಗುವ ಒಂದು ವಿಭಾಗ ಪ್ರತಿ ಕಾಲೇಜಿನಲ್ಲೂ ಇರಬೇಕೆಂದು ಯೂನಿವರ್ಸಿಟಿಯಿಂದ ಪತ್ರ ಬಂದಿತ್ತು.

"ನಿಮ್ದು ಸ್ಕೂಲ್ ಚಾರ್ಟ್ ಐತಲ್ಲ ಮೇಡಮ್ನೋರೆ, ಅದುನ್ನೇ ತಂದು ಕಾಲೇಜ್‌ನಾಗೆ ತಗುಲಾಕ್ಬುಡಿ. ಒಂದೊರ್ಸ ನೋಡಾನ" ಎಂದರು.

ಆ ಒಂದು ವರ್ಷಕ್ಕೆ ಒಂದು ಷರತ್ತಿತ್ತು. ಕಾಲೇಜಿಗೆ ಪ್ರತಿ ವರ್ಷ ಬಂದು ಹನ್ನೆರಡು ಜನರನ್ನು ಆರಿಸುತ್ತಿದ್ದದ್ದು ಒಂದೇ ಕಂಪನಿ, ವಾಹನಗಳಿಗೆ ವೈರು ಹೆಣೆದು ಕೊಡುವ ಕಾರ್ಖಾನೆ. ಅಲ್ಲಿನ ತಪಾಸಣೆ ವಿಭಾಗಕ್ಕೆ ಡಿಗ್ರಿ ಓದಿದವರು ಬೇಕಾಗಿದ್ದರು. ಹಿಂದಿನ ವರ್ಷ ಆರಿಸಿದ ಹನ್ನೆರಡರಲ್ಲಿ ಸೇರಿದ್ದು ಮೂರೇ ಜನ. ಸೇರದ ಒಂಬತ್ತೂ ಹುಡುಗಿಯರು. ಮುಂದಿನ ಜೂನ್ ನಾಲ್ಕರ ಸೋಮವಾರ ಕನಿಷ್ಠ ಹತ್ತು ಜನ ಗೇಟಿನೊಳಗೆ ಕಾಲಿಡದಿದ್ದರೆ ಈ ಕಾಲೇಜಿನ ಕಡೆ ಇನ್ನು ತಲೆಹಾಕುವುದಿಲ್ಲ ಎಂದು ಕಂಪನಿಯ ಅಧಿಕಾರಿ ಕಿರಣ್‌ಕುಮಾರ್ ಬರೆದು ಕಳಿಸಿದ್ದ. ಹಾಗೇನಾದರೂ ಆದರೆ ಮಂಗಳಾ ಬಾಗಲೂರಿಗೆ ವಾಪಸ್ಸು, ಆಕೆಯ ಕೋಣೆ ಜೆರಾಕ್ಸ್ ಮೆಷಿನ್ನಿಗೆ.

"ಹತ್ತಲ್ಲ ಸಾರ್, ಹನ್ನೆರಡೂ ಜನ ಹೋಯ್ತಾರೆ" ಎಂದು ಹೇಳಿ ಆಕೆ ಎದ್ದು ಬಂದರು. ಹಳೇ ಚಾರ್ಟು ಗೋಡೆ ಏರಿತು.

ಮಾಡಿದ ಮೊದಲ ಕೆಲಸ ಪುಸ್ತಕ. ಕೊನೆ ವರ್ಷದ ಅರವತ್ತು ಜನಕ್ಕೂ ಒಂದೊಂದು ನೋಟುಬುಕ್ಕು ಕೊಟ್ಟು, ತಾವು ಏನಾಗಬೇಕೆಂದು ಬರೆದು ತಿಂಗಳ ಕೊನೆಗೆ ಅಪ್ಪನ ಸಹಿ ಹಾಕಿಸಿ ತರಲು ಹೇಳಿದರು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೂ ಸಾಕು. ತಿಂಗಳ ಕೊನೆಗೆ ಅರವತ್ತು ಪುಸ್ತಕವೂ ಬಂದವು. ಮಂಗಳಾ ಹಿಗ್ಗಿಹೋದರು. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದರೆ ಗುಮ್ಮಳಾಪುರದ ಕಡೆಯ ಒಂಬತ್ತು ಅಪ್ಪಂದಿರ ಹೆಬ್ಬೆಟ್ಟಿನ ಮೇಲೂ ಒಂದೇ ಅಡ್ಡ ಗೀರು. ಒಂಬತ್ತು ಜನಕ್ಕೂ ಒಂದೇ ಜಾಗದಲ್ಲಿ ಕುಡುಗೋಲು ತಗುಲಿರಲು ಸಾಧ್ಯವೆ?

ಆ ಬೆರಳಿನ ಒಡೆಯ ಬಿಕಾಂ ಓದುತ್ತಿದ್ದ ಭೈರೇಶ. ಕರೆಸಿ ಕೈ ಚಾಚು ಎಂದರೆ ಹಿಂಜರಿಯದೆ ಚಾಚಿದ.

"ಒಂಬತ್ತು ಮನೆಗೆ ನೀನೊಬ್ಬನೇ ಅಪ್ಪನೇನ್ಲಾ?" ಎಂದು ಮಿಸ್ಸು ಗುಡುಗಿದರು.

"ತಪ್ಪಾಯ್ತು ಮಿಸ್. ಆದ್ರೆ ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮೊನ್ನೆ ಮೇ ತಿಂಗ್ಳಾಗೆ ನಾನು ಓಟು ಹಾಕ್ಬಂದೆ. ನಿಮ್ಮಪ್ಪನ ಹೆಬ್ಬೆಟ್ಟು ತಕಂಬಾ ಅಂತ ಅಲ್ಲಿ ಯಾರೂ ಕೇಳ್ಲಿಲ್ಲ. ಕೆಲ್ಸ ಕೇಳೋಕ್ಯಾಕೆ ಮಿಸ್ ಅಪ್ಪನ ಹೆಬ್ಬೆಟ್ಟು?"

ಮಂಗಳಾಗೆ ಉರಿದುಹೋಯಿತು. ಹೊರಕ್ಕೆ ಕಳಿಸಿ ಬಾಗಿಲು ಹಾಕಿಕೊಂಡರು. ಗೋಡೆಯ ಚಾರ್ಟನ್ನು ಒಂದೊಂದೇ ಸಾಲು ಓದುತ್ತ ಹೋದಂತೆ ಸಿಟ್ಟು ಇಳಿಯಿತು. ಕರೆದುಕೊಂಡು ಹೋಗಬೇಕು, ಕೇಳಿಸಬೇಕು, ಹಾಕಿಸಬೇಕು. ಏಳೂ ಮಾತು ಟೀಚರು ಮಾಡತಕ್ಕದ್ದು. ಹದಿನೈದರ ಮಗುವಿಗೆ ಹೊಲಿದ ಅಂಗಿಯನ್ನು ಇಪ್ಪತ್ತರವನಿಗೆ ತೊಡಿಸಲು ಹೋಗಿದ್ದರು. ಹೊಲಿಗೆ ಬಿಚ್ಚದೆ ಇನ್ನೇನಾಗುತ್ತದೆ?

ಹಾಗೆಂದು ಬಟ್ಟೆಯನ್ನೇ ಎಸೆಯುವ ಪೈಕಿಯಲ್ಲ ಆಕೆ. ಮರುದಿನವೇ ಹೊಸ ಹಾಳೆ ತಂದು ಬರೆಯಲು ಕೂತರು, ಭೈರೇಶನನ್ನೂ ಇನ್ನು ನಾಲ್ವರನ್ನೂ ಎದುರಿಗೆ ಕೂರಿಸಿಕೊಂಡು. ಕೆಲಸದ ಜಾಗ ನೋಡುವುದು ಉಳಿಯಿತು, ಆದರೆ ಟೀಚರ ಹಿಂದೆ ಸಾಲಾಗಿ ಅಲ್ಲ. ತಾನೇ ಫೋನು ಮಾಡಿ, ತಾನೇ ಅನುಮತಿ ಕೇಳಿ ಹೋಗಿಬರಬೇಕು. ದುಡಿಯುವವರ ಕಷ್ಟಸುಖವನ್ನು ತಾನೇ ಹುಡುಕಿಕೊಂಡು ಹೋಗಿ ಕೇಳಬೇಕು. ಅಪ್ಪನ ಸಹಿಗೆ ಬಂದಾಗ ಮಂಗಳಾ ಪೆನ್ನು ಎತ್ತಿ ಹಿಡಿದರು. ಹೊಡೆದುಹಾಕಿಬಿಡಿ ಎಂದು ಭೈರೇಶ ಹೇಳಿದ. ಪಕ್ಕದಲ್ಲಿದ್ದ ಭೂಮಿಕಾ ಎಂಬ ಹುಡುಗಿ, ಗುಮ್ಮಳಾಪುರದ ಪಾಪಣ್ಣನ ಮಗಳು, ಬಿಎಸ್ಸಿಯಲ್ಲಿ ತರಗತಿಗೇ ಮೊದಲಿಗಳು, ತಲೆ ಎತ್ತದೆ ಹೇಳಿದಳು:

"ನಿಂಗೇನಪ್ಪ ಭೈರೇಶ, ಓಟಿದ್ರೆ ಸಾಕು. ನಂಗೂ ಓಟದೆ. ನಮ್ಮನೇನಾಗೆ ಅದು ನಡೆಯಾಕಿಲ್ಲ."

ಆ ಸಾಲನ್ನು ಮಂಗಳಾ ಖಾಲಿ ಬಿಟ್ಟರು. ಏನು ಬರೆಯಬೇಕೆಂದು ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಬರೆಯಬಾರದೆಂದು ಚಿಕ್ಕಮುನಿಯಪ್ಪ ಎಂದೋ ಕಲಿಸಿದ್ದ.

ಹೋದವರ ಬೆನ್ನು ಬಿಡಬಾರದೆಂಬ ಮಾತು ಮಾತ್ರ ಹಾಗೇ ಉಳಿದಿತ್ತು. ಹಿಂದಿನ ವರ್ಷ ಕೆಲಸಕ್ಕೆ ಸೇರದ ಆ ಒಂಬತ್ತು ಹುಡುಗಿಯರ ಮನೆಗೆ ಮಂಗಳಾ ಭಾನುವಾರಕ್ಕೊಂದರಂತೆ ಹೋದರು. ಹುಡುಗಿಯರಿಗೆ ಶ್ರದ್ಧೆ ಇಲ್ಲ ಎಂದು ಕಂಪನಿ ಹೇಳುತ್ತಿತ್ತು, ಕಂಪನಿ ಸರಿಯಿಲ್ಲ ಎಂದು ಕಾಲೇಜು ಹೇಳುತ್ತಿತ್ತು. ಮನೆಯವರನ್ನು ಯಾರೂ ಕೇಳಿರಲಿಲ್ಲ. ಎಂಟು ಮನೆಯಲ್ಲೂ ಒಂದೇ ಉತ್ತರ: "ಬ್ಯಾಡ ಅನ್ನುಸ್ತು, ಬುಟ್ಬುಟ್ವಿ." ಒಂಬತ್ತನೆಯದು ಭೂಮಿಕಾಳ ಮನೆ. ಹಿಂದಿನ ವರ್ಷ ಆಯ್ಕೆಯಾಗಿ ಹೋಗದೆ ಉಳಿದವಳು ಅವಳ ಅಕ್ಕ. ಅಲ್ಲಿ ಮಾತಿಗೆ ಸಿಕ್ಕವರು ಅಜ್ಜಿ ಚೆಲುವಮ್ಮ, ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದರು.

"ಯಾಕಮ್ಮ ಕಳಿಸ್ಲಿಲ್ಲ?" ಎಂದರು ಮಂಗಳಾ.

"ನೀನು ಓದ್ದೋಳು ಟೀಚರಮ್ಮ, ನೀನೇ ಯೋಳು. ಒಂದು ಹೆಣ್ಣು ಕೊಡಬೇಕಾದ್ರೆ ಗಂಡಿನ ಮನೆ ನೋಡಾಕೆ ಹೋಗ್ತೀವೋ ಇಲ್ವೋ? ನೀರೆಷ್ಟು ದೂರ, ಕೊಟ್ಟಿಗೆ ಎಂಗದೆ, ಅತ್ತೆ ಮಕ ಎಂಗದೆ, ಎಲ್ಲಾ ನೋಡ್ತೀವಿ. ದಿನಕ್ಕೆ ಒಂಬತ್ತು ಗಂಟೆ ನಮ್ಮ ಹುಡ್ಗೀನ ಇಕ್ಕೊಳ್ಳೋ ಜಾಗಾನ ಒಂದು ಕಾಗ್ದ ನೋಡಿ ಒಪ್ಕಂಬುಡ್ಬೇಕಾ? ಕಾಗ್ದದಾಗೆ ಎಲ್ರೂ ಒಳ್ಳೇರೇ."

ಮಂಗಳಾ ತಾವೂ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಬಿಡಿಸತೊಡಗಿದರು. ಮಕ್ಕಳು ಕಣ್ಣಾರೆ ನೋಡಬೇಕು ಎಂದು ಹದಿನೆಂಟು ವರ್ಷ ಹೇಳಿದವರಿಗೆ ಮನೆಯವರಿಗೂ ಕಣ್ಣಿದೆ ಎಂದು ಹೊಳೆದಿರಲಿಲ್ಲ. ಸೋಮವಾರ ಖಾಲಿ ಸಾಲು ತುಂಬಿತು: ಓದುವವರು ತಮ್ಮ ಮನೆಯ ಹಿರಿಯರನ್ನು ತಾವೇ ಕರೆದುಕೊಂಡು ಹೋಗಿ ಕೆಲಸದ ಜಾಗ ತೋರಿಸಬೇಕು.

ಜನವರಿಯಲ್ಲಿ ಕಂಪನಿ ಬಂದು ಹನ್ನೆರಡು ಜನರನ್ನು ಆರಿಸಿತು. ಒಂಬತ್ತು ಹುಡುಗಿಯರು, ಮೂವರು ಹುಡುಗರು. ಭೂಮಿಕಾಳೂ ಭೈರೇಶನೂ ಅದರಲ್ಲಿದ್ದರು. ಹಿರಿಯರನ್ನು ಕರೆತರುವ ಮಾತು ಎತ್ತಿದಾಗ ಕಿರಣ್‌ಕುಮಾರ್ ನಕ್ಕುಬಿಟ್ಟ. ತುಮಕೂರಿನ ಕಡೆಯಿಂದ ಬಂದು ಹೊಸೂರಿನಲ್ಲಿ ನೆಲೆಸಿದ, ಸದಾ ಇಸ್ತ್ರಿ ಮಾಡಿದ ಶರ್ಟು ತೊಡುವ, ಕೆಟ್ಟವನಲ್ಲದ ಮನುಷ್ಯ.

"ಫ್ಯಾಕ್ಟರಿ ಮೇಡಂ ಇದು, ಮದುವೆ ಮನೆ ಅಲ್ಲ. ಅಜ್ಜಿಗಳನ್ನೆಲ್ಲ ಒಳಗೆ ಬಿಡೋಕಾಗುತ್ತಾ?"

"ಹೋದೊರ್ಸ ಬಿಡ್ಲಿಲ್ಲ, ಒಂಬತ್ತು ಜನ ಬರ್ಲಿಲ್ಲ. ಈ ಸಲ ಬಿಟ್ಟು ನೋಡಿ. ಆಗ್ಲೂ ಬರ್ದೇ ಹೋದ್ರೆ ನಿಮ್ಮ ಆಫೀಸ್ಗೆ ನಾನೇ ಬಂದು ತಪ್ಪಾಯ್ತು ಅಂತ ಬರ್ಕೊಡ್ತೀನಿ."

ತಿಂಗಳೊಪ್ಪತ್ತು ಬಿಟ್ಟು ಆತ ಒಪ್ಪಿದ. ಪತ್ರ ಬರೆದದ್ದು, ದಿನ ಗೊತ್ತುಮಾಡಿದ್ದು, ವ್ಯಾನು ಹೇಳಿದ್ದು ಎಲ್ಲ ವಿದ್ಯಾರ್ಥಿಗಳೇ. ಪರೀಕ್ಷೆ ಮುಗಿದ ಮೇಲೆ, ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ ಹನ್ನೆರಡು ಮನೆಯ ಇಪ್ಪತ್ತಾರು ಜನ ಕಾರ್ಖಾನೆಯ ಗೇಟಿನಲ್ಲಿ ಇಳಿದರು. ಚೆಲುವಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಭೂಮಿಕಾ ಅವರ ಕೈ ಹಿಡಿದುಕೊಂಡಿದ್ದಳು.

ಕಿರಣ್‌ಕುಮಾರ್ ಮನಸ್ಸಿಟ್ಟು ಏರ್ಪಾಡು ಮಾಡಿದ್ದ. ದೂರದಿಂದ ಬಂದವರು ಹಸಿದಿರುತ್ತಾರೆ ಎಂದು ನೇರ ಕ್ಯಾಂಟೀನಿಗೆ ಕರೆದೊಯ್ದು ಎಲೆ ಹಾಕಿಸಿದ. ಪಾಯಸ, ವಡೆ, ಎರಡು ಪಲ್ಯ. ಒಬ್ಬರೂ ಕೂರಲಿಲ್ಲ. ಬಲವಂತ ಮಾಡಿದಷ್ಟೂ ಹಿಂದೆ ಸರಿದರು. ನೀರಿನ ಲೋಟ ಕೊಟ್ಟರೆ ಅದನ್ನೂ ಮುಟ್ಟಲಿಲ್ಲ. ಆತನ ಮುಖ ಕೆಂಪಾಯಿತು. ಮಂಗಳಾರನ್ನು ಪಕ್ಕಕ್ಕೆ ಕರೆದ.

"ಇಷ್ಟೆಲ್ಲ ಮಾಡ್ಸಿದೀನಿ ಮೇಡಂ. ನಮ್ಮನ್ನ ಏನಂದ್ಕೊಂಡಿದ್ದಾರೆ ಇವರು?"

ಆತ ಊರು ಬಿಟ್ಟು ಎಷ್ಟು ವರ್ಷವಾಯಿತೋ, ಮರೆತೇಬಿಟ್ಟಿದ್ದ. ಮಂಗಳಾ ನಗು ತಡೆದುಕೊಂಡು ಬಿಡಿಸಿ ಹೇಳಿದರು. ಮನೆ ನೋಡಲು ಬಂದ ಹೆಣ್ಣಿನ ಕಡೆಯವರು ಒಪ್ಪಿಗೆಯಾಗುವ ತನಕ ಆ ಮನೆಯ ಅನ್ನ ನೀರು ಮುಟ್ಟುವುದಿಲ್ಲ. ಬಂದ ಕೂಡಲೇ ಎಲೆ ಹಾಕಿದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ಉಂಡರೋ, ಒಪ್ಪಿದಂತೆ. ಉಣ್ಣದೆ ಎದ್ದುಹೋದರೆ ಮತ್ತೆ ಕರೆಯುವ ಹಾಗಿಲ್ಲ.

ಹೇಳುತ್ತಲೇ ಆಕೆಗೆ ತಮ್ಮ ಲೆಕ್ಕವೂ ನೆನಪಾಯಿತು. ಈ ಇಪ್ಪತ್ತಾರು ಜನ ಉಣ್ಣದೆ ವ್ಯಾನು ಹತ್ತಿದರೆ ಕಂಪನಿ ಹೋಯಿತು, ಕೋಣೆ ಹೋಯಿತು, ಭೂಮಿಕಾ ಅಕ್ಕನ ಹಾಗೆ ಜಗಲಿಗೆ ಕೂತಳು.

"ಎಲೆ ಎತ್ಸಿ. ಮೊದ್ಲು ಎಲ್ಲಾ ತೋರ್ಸಿ" ಎಂದರು.

ತೋರಿಸಿದರು. ಉದ್ದನೆಯ ಮೇಜಿನ ಮೇಲೆ ಬಣ್ಣಬಣ್ಣದ ವೈರುಗಳನ್ನು ಜಡೆಯಂತೆ ಹೆಣೆಯುವುದು, ಒಂದೊಂದನ್ನೂ ದೀಪಕ್ಕೆ ತಗುಲಿಸಿ ಪರೀಕ್ಷಿಸುವುದು. ಭೂಮಿಕಾ ಯಾವ ವೈರಿಗೆ ಯಾವ ಕೆಲಸ ಎಂದು ಅಜ್ಜಿಗೆ ವಿವರಿಸಿದಳು. ಎರಡು ಸಲ ತಾನೇ ಅನುಮತಿ ಪಡೆದು ಬಂದು ನೋಡಿ ಹೋಗಿದ್ದಳಲ್ಲ. ಪಾಪಣ್ಣ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿದ. ಯಾರೋ ಮೇಲಧಿಕಾರಿಯ ಊರು ಕೇಳಿದರು. ಚೆಲುವಮ್ಮ ಕ್ಯಾಂಟೀನಿನ ಅಡಿಗೆಮನೆಗೆ ನುಗ್ಗಿ ಅನ್ನದ ಹಂಡೆಯ ಮುಚ್ಚಳ ತೆಗೆದು ಮೂಸಿದರು. ಎಲ್ಲ ಸರಿಯಿದ್ದಂತಿತ್ತು. ಆಮೇಲೆ ಅಲ್ಲಿ ದುಡಿಯುತ್ತಿದ್ದ ಒಬ್ಬ ಹುಡುಗಿಯ ಕಿವಿಯಲ್ಲಿ ಏನೋ ಕೇಳಿದರು, ಅವಳ ಹಿಂದೆ ಹೆಂಗಸರ ಕಕ್ಕಸಿನ ಕಡೆ ಹೋದರು. ಐದು ನಿಮಿಷ ಬಿಟ್ಟು ಬಂದವರ ಮುಖ ಗಂಟಾಗಿತ್ತು.

"ಅಪ್ಪಯ್ಯ, ನಿಂಗೆ ಅಕ್ಕ ತಂಗೀರು ಅವ್ರಾ?" ಎಂದರು ಕಿರಣ್‌ಕುಮಾರನಿಗೆ.

"ಇದಾರಮ್ಮ, ಇಬ್ಬರು."

"ಅವ್ರುನ್ನ ಇಲ್ಗೆ ಕಳಿಸ್ತೀಯಾ? ನಾಕು ಬಾಗ್ಲಾಗೆ ಎರಡಕ್ಕೆ ಚಿಲ್ಕ ಇಲ್ಲ. ಒಬ್ಳು ಒಳಿಕ್ಕೋದ್ರೆ ಇನ್ನೊಬ್ಳು ಆಚೆ ಬಾಗ್ಲು ಇಡ್ಕಂಡು ನಿಂತಿರ್ತಾಳಂತೆ. ಎರಡೊರ್ಸದಿಂದ."

ಆ ಕಡೆ ಆತ ಒಮ್ಮೆಯೂ ಹೋದವನಲ್ಲ, ಯಾರೂ ಆತನಿಗೆ ಹೇಳಿರಲೂ ಇಲ್ಲ. ಎಲ್ಲ ಹೆಂಗಸರೂ ಅವನನ್ನೇ ನೋಡುತ್ತಿದ್ದರು. ಆಮೇಲೆ ಆತ ಮಾಡಿದ್ದನ್ನು ಮೆಚ್ಚಲೇಬೇಕು. ನೆಪ ಹೇಳಲಿಲ್ಲ, ನಾಳೆ ಎನ್ನಲಿಲ್ಲ. ರಿಪೇರಿ ಕೆಲಸದ ಮುರುಗೇಶನನ್ನು ಕೂಗಿ ಕರೆದ.

"ಅರೆ ಮಣಿ ನೇರಂ ಸಾರ್" ಎಂದ ಮುರುಗೇಶ. ಅರ್ಧ ಗಂಟೆ.

ಅಷ್ಟು ಹೊತ್ತೂ ಇಪ್ಪತ್ತಾರು ಜನ ಬಿಸಿಲಿನಲ್ಲಿ ನಿಂತು ಡ್ರಿಲ್ಲಿನ ಸದ್ದು ಕೇಳಿದರು. ಮಂಗಳಾಗೆ ಇಷ್ಟು ಉದ್ದದ ಅರ್ಧ ಗಂಟೆ ಅದುವರೆಗೆ ಸಿಕ್ಕಿರಲಿಲ್ಲ. ಮುರುಗೇಶ ಹೊರಬಂದ ಮೇಲೆ ಚೆಲುವಮ್ಮ ಒಳಗೆ ಹೋಗಿ ಎರಡು ಹೊಸ ಚಿಲಕಗಳನ್ನೂ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಹೊರಗೆ ಬಂದು ಸೆರಗಿನಿಂದ ಕೈ ಒರೆಸಿಕೊಂಡರು.

"ಈಗ ಎಲೆ ಹಾಕ್ಸಪ್ಪ. ಹೊಟ್ಟೆ ಹಸೀತದೆ."

ಇಪ್ಪತ್ತಾರು ಜನವೂ ಕೂತರು. ಪಲ್ಯಕ್ಕೆ ಉಪ್ಪು ಕಮ್ಮಿ ಎಂದು ಚೆಲುವಮ್ಮ ಗೊಣಗಿದರು, ಎರಡು ಸಲ ಹಾಕಿಸಿಕೊಂಡರು. ಕಿರಣ್‌ಕುಮಾರ್ ತಾನೇ ಬಗ್ಗಿ ಪಾಯಸ ಬಡಿಸಿದ. ಮಂಗಳಾ ತುಂಬಿದ ಕಣ್ಣನ್ನು ಯಾರೂ ನೋಡದಿರಲೆಂದು ಕೈ ತೊಳೆಯುವ ನೆಪದಲ್ಲಿ ಎದ್ದುಹೋದರು.

ಜೂನ್ ನಾಲ್ಕು, ಸೋಮವಾರ. ಮಂಗಳಾ ಏಳೂವರೆಗೇ ಗೇಟಿನ ಎದುರು ನಿಂತಿದ್ದರು. ಬಾಗಲೂರಿನ ಬಸ್ಸಿನಿಂದ ನಾಲ್ವರು ಇಳಿದರು, ಜೂಜುವಾಡಿಯ ಕಡೆಯಿಂದ ಮೂವರು, ಗುಮ್ಮಳಾಪುರದ ಕಡೆಯಿಂದ ಭೈರೇಶ ಮತ್ತು ಇನ್ನೂ ಮೂವರು. ಒಟ್ಟು ಹನ್ನೊಂದು. ಷರತ್ತು ಗೆದ್ದಾಗಿತ್ತು. ಕರೆಸ್ಪಾಂಡೆಂಟಿಗೆ ಫೋನು ಮಾಡಬಹುದಿತ್ತು, ಆಕೆ ಮಾಡಲಿಲ್ಲ. ಭೂಮಿಕಾ ಬಂದಿರಲಿಲ್ಲ. ಇನ್ನು ಹತ್ತು ನಿಮಿಷಕ್ಕೆ ಗೇಟು ಮುಚ್ಚುತ್ತದೆ ಎನ್ನುವಾಗ ಒಂದು ಆಟೋ ಬಂದು ನಿಂತಿತು. ಮೊದಲು ಭೂಮಿಕಾ ಇಳಿದಳು, ಹಿಂದೆಯೇ ಚೆಲುವಮ್ಮ.

"ಅಜ್ಜಿ ನಾನೂ ಬತ್ತೀನಿ ಅಂತ ಕೂತ್ಬುಟ್ರು ಮಿಸ್. ಅದುಕ್ಕೇ ಲೇಟು" ಎಂದು ಹೇಳಿ ಹುಡುಗಿ ಒಳಕ್ಕೆ ಓಡಿದಳು. ಹಿಂತಿರುಗಿ ಸಹ ನೋಡಲಿಲ್ಲ.

"ನೀವ್ಯಾಕಮ್ಮ ಬಂದ್ರಿ? ಎಲ್ಲಾ ನೋಡಾಗಿತ್ತಲ್ಲ" ಎಂದರು ಮಂಗಳಾ, ನಗುತ್ತ. ಗೆದ್ದವರ ನಗು.

"ಚಿಲ್ಕ ಇನ್ನೂ ಐತೋ ಇಲ್ವೋ ಕೇಳ್ಕಂಡ್ ಹೋಗಾನ ಅಂತ." ಚೆಲುವಮ್ಮ ಗೇಟಿನ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚಿದರು. "ಅಲ್ಲ ಟೀಚರಮ್ಮ, ಒಂದು ಮಾತು. ನಮ್ಮ ಹುಡ್ಗಿ ಮೂರೊರ್ಸ ನಿನ್ನ ಕಾಲೇಜ್ಗೆ ಬಂದ್ಲು. ಅದುನ್ನ ಯಾರೂ ನಮ್ಗೆ ತೋರಿಸ್ಲೇ ಇಲ್ವಲ್ಲ. ಅಲ್ಲಿ ಚಿಲ್ಕ ಐತಾ?"

ಒಂದು ವರ್ಷ ಆ ಕಾಲೇಜಿನಲ್ಲಿದ್ದರೂ ಮಂಗಳಾ ಬಳಸುತ್ತಿದ್ದದ್ದು ಸ್ಟಾಫ್ ರೂಮಿನ ಪಕ್ಕದ್ದು. ಹುಡುಗಿಯರದು ಹಿಂದಿನ ಕಟ್ಟಡದಲ್ಲಿತ್ತು. ಹೋಗಿ ನೋಡಿದವರಲ್ಲ.

"ಗೊತ್ತಿಲ್ಲ ಕಣಮ್ಮ" ಎಂದರು.

"ನೋಡ್ಕೋ ಮತ್ತೆ" ಎಂದು ಚೆಲುವಮ್ಮ ಎಲೆಗೆ ಸುಣ್ಣ ಹಚ್ಚಿಕೊಂಡರು.

ಅಲ್ಲಿಂದ ನೇರ ಕಾಲೇಜಿಗೆ ಬಂದ ಮಂಗಳಾ ತಮ್ಮ ಕೋಣೆಗೆ ಹೋಗಲಿಲ್ಲ, ಹಿಂದಿನ ಕಟ್ಟಡಕ್ಕೆ ಹೋದರು. ಆರು ಬಾಗಿಲು. ಮೂರಕ್ಕೆ ಚಿಲಕವಿರಲಿಲ್ಲ. ಅದರಲ್ಲಿ ಒಂದಕ್ಕೆ ಚಿಲಕದ ಜಾಗದಲ್ಲಿ ಯಾರೋ ದುಪಟ್ಟಾದ ತುಂಡು ಕಟ್ಟಿದ್ದರು, ಒಳಗಿನಿಂದ ಎಳೆದು ಹಿಡಿದುಕೊಳ್ಳಲು. ಗಂಟು ಎಷ್ಟೋ ದಿನದ್ದು, ಜಿಡ್ಡುಗಟ್ಟಿತ್ತು.

ಕಂಪನಿಯಿಂದ ಸುದ್ದಿ ತಿಳಿದು ಹನುಮಂತರಾಯಪ್ಪನವರು ಅಭಿನಂದನೆ ಹೇಳಲು ಕಾದು ಕೂತಿದ್ದರು. "ಹನ್ನೆರಡಕ್ಕೆ ಹನ್ನೆರಡು! ಆ ಕೋಣೆ ಇನ್ಮೇಲೆ ನಿಮ್ದೇ ಮೇಡಮ್ನೋರೆ. ಇನ್ನೇನ್ ಬೇಕು ಕೇಳಿ. ಕಂಪ್ಯೂಟ್ರು ಕೊಡ್ಸ್ಲಾ?"

"ಮೂರು ಚಿಲಕ ಬೇಕು ಸಾರ್" ಎಂದರು ಮಂಗಳಾ. "ಇವತ್ತೇ."